ಸಕ್ಕರೆ ಮುಟ್ಟದೆ ಅಕ್ಕಿ ವೈನ್: ನನ್ನ ಅನುಭವ

ಕೊಡಗಿನಲ್ಲಿ ಮನೆ ವೈನ್‌ಗೆ ಬರವಿಲ್ಲ. ಆದರೆ ಅಕ್ಕಿ ವೈನ್ ಎಂದು ಲೋಟಕ್ಕೆ ಬೀಳುವುದರಲ್ಲಿ ಅಮಲೆಲ್ಲ ಸಕ್ಕರೆಯದು. ಅಕ್ಕಿ ಹೆಸರಿಗೆ ಮಾತ್ರ. ಧಾನ್ಯದಿಂದಲೇ ಮಾಡುತ್ತೇನೆ ಎಂದಾಗ ಹೆಂಡತಿಯ ತಮ್ಮ ನಕ್ಕ. “ಬಾವಾ, ಗಂಜಿ ಹಳಸುತ್ತದೆ, ಅಷ್ಟೇ.” ಮೂರು ಸಲ ಅವನ ಮಾತೇ ನಿಜವಾಯಿತು.

ಅಕ್ಕಿ ಗಂಜಿಯ ಪಿಷ್ಟವನ್ನು ಸಿಹಿಯಾಗಿಸಲೆಂದು ಮೊದಲು ಅಂಗಡಿಯ ರಾಗಿ ಮಾಲ್ಟ್ (ಮೊಳಕೆ ರಾಗಿ) ಪುಡಿ ಹಾಕಿದೆ. ಗಂಜಿ ಗಂಜಿಯಾಗಿಯೇ ಉಳಿಯಿತು. ಎರಡನೆಯ ಸಲ ನಾನೇ ರಾಗಿ ಮೊಳಕೆ ಕಟ್ಟಿದೆ, ಅದೂ ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ. ಬಟ್ಟೆ ಬಿಚ್ಚಿದರೆ ಹಸಿರು ಬೂಷ್ಟು. ಎರಡು ಕಿಲೋ ರಾಗಿ ಗೊಬ್ಬರದ ಗುಂಡಿಗೆ. ಮೂರನೆಯ ಸಲ ಮೊಳಕೆ ಚೆನ್ನಾಗಿ ಬಂತು, ಒಣಗಿತು. ಮಕ್ಕಳ ಸರಿಹಿಟ್ಟಿಗೆ ಹುರಿಯುವಂತೆ ಬಾಣಲೆಯಲ್ಲಿ ಹುರಿದೆ. ಮನೆಯೆಲ್ಲ ಘಮಘಮ, ಗಂಜಿ ಮಾತ್ರ ಅಲುಗಲಿಲ್ಲ. ತಪ್ಪು ಹೊಳೆದದ್ದು ಆಗಲೇ: ಪಿಷ್ಟವನ್ನು ಸಿಹಿಯಾಗಿಸುವ ಮೊಳಕೆಯ ಕಿಣ್ವ ಬಾಣಲೆಯಲ್ಲೇ ಸತ್ತಿತ್ತು. ಘಮ ಬಂತೆಂದರೆ ಕೆಲಸ ಕೆಟ್ಟಿತು.

ಜನವರಿಯಲ್ಲಿ ಕಾಫಿ ಕಣದ ಒಂದು ಮೂಲೆಯಲ್ಲಿ ಮೊಳಕೆ ರಾಗಿ ಒಣಗಿಸಿ ತರಿತರಿಯಾಗಿ ಬೀಸಿದೆ. ಸುಮಾರು 5 ಕಿಲೋ ಇಂಟಾನ್ ತಳಿಯ ನುಚ್ಚಕ್ಕಿಯನ್ನು ಗಟ್ಟಿ ಗಂಜಿ ಮಾಡಿ, 65 ಡಿಗ್ರಿಗೆ ಆರಿಸಿ, 2 ಕಿಲೋ ಆ ರಾಗಿ ತರಿ ಕದಡಿದೆ. ನೆಟ್ಟಗೆ ನಿಂತಿದ್ದ ಸೌಟು ಕಾಲು ಗಂಟೆಯಲ್ಲಿ ಪಕ್ಕಕ್ಕೆ ವಾಲಿ ಬಿತ್ತು. ಗಂಜಿ ನೀರಾಗಿತ್ತು. ನೆಕ್ಕಿದರೆ ಪಾಯಸ! ಪಾತ್ರೆಗೆ ಕಂಬಳಿ ಸುತ್ತಿ ಒಂದೂವರೆ ಗಂಟೆ ಬಿಟ್ಟೆ. ಬಿಳಿ ಬಸಿಯಲ್ಲಿ ಒಂದು ಹನಿ ತಿಳಿಗೆ ಟಿಂಚರ್ ಅಯೋಡಿನ್ ತಾಗಿಸಿದರೆ, ಮೊದಲು ಕಡುನೀಲಿಯಾಗಿದ್ದದ್ದು ಈಗ ಬರೀ ಚಹದ ಬಣ್ಣ, ಅಂದರೆ ಪಿಷ್ಟ ಉಳಿದಿಲ್ಲ. ಪೂರ್ತಿ ಆರಿದ ಮೇಲೆ ಈಸ್ಟ್.

ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.060ರಿಂದ 1.010ರ ಆಸುಪಾಸಿಗೆ ಇಳಿಯಿತು. ಅಂದರೆ ಮದ್ಯಸಾರ ನೂರಕ್ಕೆ ಆರೂವರೆ. ವೈನ್ ಎನ್ನಲು ತುಸು ತೆಳು, ಒಪ್ಪುತ್ತೇನೆ. ಬಾವಮೈದುನ ಎರಡು ಲೋಟ ಇಳಿಸಿ, “ಸಕ್ಕರೆ ಎಷ್ಟು ಹಾಕಿದಿರಿ?” ಎಂದ. ನನಗೆ ಅಷ್ಟು ಸಾಕಾಯಿತು. ಭಟ್ಟಿ ಇಳಿಸಿದರೆ ವಿಸ್ಕಿಯಾಗುತ್ತದಲ್ಲ ಎಂದವರೂ ಇದ್ದಾರೆ; ಅದು ಕಾನೂನಿಗೆ ವಿರುದ್ಧ, ನನಗೆ ಬೇಡ.

ಖರ್ಚು? ನುಚ್ಚು, ರಾಗಿ, ಈಸ್ಟ್ ಸೇರಿ ಮುನ್ನೂರರೊಳಗೆ. ಕೈಗೆ ಬಂದದ್ದು ಹದಿನೈದು ಲೀಟರಿಗೆ ತುಸು ಹೆಚ್ಚು. ಹಾಳಾದ ಮೂರು ಸಲದ್ದೂ ಒಡೆದ ಥರ್ಮಾಮೀಟರಿನದೂ ಹೆಂಡತಿ ಬರೆದಿಟ್ಟಿದ್ದಾಳೆ, ಇಲ್ಲಿ ಹೇಳುವುದಿಲ್ಲ. ಮಳೆಗಾಲದಲ್ಲಿ ಈಗ ಒಲೆಯ ಮೇಲಿನ ಅಟ್ಟದಲ್ಲಿ ಮೊಳಕೆ ಒಣಗಿಸುತ್ತೇನೆ. ಎಷ್ಟು ಎತ್ತರ, ಎಷ್ಟು ಹೊತ್ತು ಎಂಬುದು ನನ್ನಲ್ಲೇ ಇರಲಿ.

ನಡುವೆ ಹುಳಿಯಾದ ಒಂದು ಜಾಡಿಯನ್ನು ವಿನೆಗರ್ ಆಗಲೆಂದು ಬಿಟ್ಟೆ. ಆಯಿತು ಕೂಡ. ಯಾರಿಗೂ ಹೇಳದೆ, ನಮ್ಮ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿಯ ಬದಲು ಅದನ್ನು ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಸುರಿದೆ. ಮೊದಲ ತುತ್ತಿಗೇ ಅತ್ತೆ ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದರು. ಆ ಬಾಟಲಿ ಈಗ ಬಚ್ಚಲಿನ ಹಿತ್ತಾಳೆ ಉಜ್ಜಲು ಇದೆ.