ಬ್ಯಾಟರಿ ಸ್ಟೇಪಲ್ ಗನ್ ಕೊಳ್ಳಬೇಕೇ? ಮೊದಲು ಪಿನ್ ಲೆಕ್ಕ ಹಾಕಿ

ಊಟದ ಟೇಬಲ್ಲಿನ ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಬೇಕು ಎನ್ನುವವರು, ಮರದ ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಯುವವರು, ಮನೆಮನೆಗೆ ಹೋಗಿ ಕುಶನ್ ಕೆಲಸ ಮಾಡುವವರು. ಮೂವರಿಗೂ ಸ್ಟೇಪಲ್ ಗನ್ ಬೇಕು, ಆದರೆ ಒಂದೇ ಗನ್ ಮೂವರಿಗೂ ಹೊಂದುವುದಿಲ್ಲ. ಕೈಯಿಂದ ಒತ್ತುವ ಗನ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಬ್ಯಾಟರಿಯದಕ್ಕೆ ಸಾವಿರಗಳಲ್ಲಿ ಕೊಡಬೇಕು. ಆ ದುಡ್ಡು ವಾಪಸು ಬರುತ್ತದೆಯೋ ಇಲ್ಲವೋ ಎಂಬುದು ವರ್ಷಕ್ಕೆ ಎಷ್ಟು ಪಿನ್ ಹೊಡೆಯುತ್ತೀರಿ, ಯಾವ ಮರಕ್ಕೆ ಹೊಡೆಯುತ್ತೀರಿ, ಎಲ್ಲಿ ನಿಂತು ಹೊಡೆಯುತ್ತೀರಿ ಎಂಬುದರ ಮೇಲೆ ನಿಂತಿದೆ.

ಲೆಕ್ಕ ಹೀಗೆ ಹಾಕಿ. 18 ಇಂಚು ಚೌಕದ ಕುರ್ಚಿ ಸೀಟಿನ ಸುತ್ತಳತೆ 72 ಇಂಚು. ಇಂಚಿಗೊಂದರಂತೆ 72 ಪಿನ್. ನಾಲ್ಕು ಮೂಲೆಗಳ ನೆರಿಗೆಗೆ ತಲಾ ಐದರಂತೆ 20. ಅಡಿಭಾಗ ಮುಚ್ಚುವ ಕಪ್ಪು ಬಟ್ಟೆಗೆ ಒಂದೂವರೆ ಇಂಚಿಗೊಂದು ಎಂದರೆ 48. ಒಂದು ಕುರ್ಚಿಗೆ 140 ಆಯಿತು, ಆರು ಕುರ್ಚಿಗೆ 840. ತಪ್ಪಿ ಕೂತು ಕೀಳಬೇಕಾದವನ್ನೂ ಸೇರಿಸಿ 900 ಎನ್ನಿ. 4 ಅಡಿ ಉದ್ದ 3 ಅಡಿ ಅಗಲದ ಕಿಟಕಿಯ ಜಾಲರಿಗೆ ಎರಡು ಇಂಚಿಗೊಂದರಂತೆ 84 ಸಾಕು. ಮೂರು ಜನ ಕೂರುವ ಸೋಫಾದಲ್ಲಿ ಪಟ್ಟಿ, ಒಳಬಟ್ಟೆ, ಹೊರಬಟ್ಟೆ ಎಲ್ಲ ಸೇರಿದರೆ ಸಾವಿರ ಸುಲಭವಾಗಿ ದಾಟುತ್ತದೆ.

ವರ್ಷಕ್ಕೆ ಸಾವಿರದೊಳಗೆ, ಅದೂ ಬಿಡಿಬಿಡಿಯಾಗಿ ಹೊಡೆಯುವವರಾದರೆ ಒಳ್ಳೆಯ ಕೈ ಗನ್ ಕೊಂಡು ಉಳಿದ ದುಡ್ಡನ್ನು ಫೋಮಿಗೆ ಹಾಕಿ. ಪ್ಲಗ್ ಹತ್ತಿರವೇ ಕೆಲಸವಿದ್ದರೆ ವಯರ್ ಇರುವ ಕರೆಂಟಿನ ಗನ್ ಕೂಡ ಆಗುತ್ತದೆ. ಅಂಗಡಿಯೊಳಗೆ ಕೂತು ದಿನವಿಡೀ ಸೋಫಾ ಕಟ್ಟುವವರಿಗಂತೂ ಬ್ಯಾಟರಿ ಗನ್ ಬೇಡವೇ ಬೇಡ. ಕಂಪ್ರೆಸರ್‌ಗೆ ಹಾಕಿದ, 80 ಸೀರೀಸ್ ಎಂಬ ಸೈಜಿನ ಪಿನ್ ಹೊಡೆಯುವ ಏರ್ ಗನ್ ಅದಕ್ಕಿಂತ ಹಗುರ, ಅಗ್ಗ, ಟ್ರಿಗರ್ ಒತ್ತಿದಷ್ಟೂ ಬೇಗ ಹೊಡೆಯುತ್ತದೆ. ಬ್ಯಾಟರಿ ಗನ್ನಿನ ಜಾಗ ಇವೆರಡರ ನಡುವೆ ಇದೆ. ಕೆಲಸ ಗಿರಾಕಿಯ ಮನೆಯಲ್ಲಿ, ಏಣಿಯ ಮೇಲೆ, ಕರೆಂಟ್ ಇನ್ನೂ ಬರದ ಹೊಸ ಕಟ್ಟಡದಲ್ಲಿ ಇರುವವರಿಗೆ, ಒಂದೇ ದಿನದಲ್ಲಿ ಮುನ್ನೂರು ನಾನೂರು ಪಿನ್ ಹೊಡೆಯಬೇಕಾದವರಿಗೆ ಅದು ನಿಜಕ್ಕೂ ಉಪಕಾರಿ.

ಕೈ ನೋಯುವುದಿಲ್ಲ ಎಂಬುದೊಂದೇ ಅದರ ಲಾಭವಲ್ಲ. ಸೀಟಿಗೆ ಬಟ್ಟೆ ಹಾಕುವಾಗ ಎಡಗೈ ಬಟ್ಟೆಯನ್ನು ಎಳೆದು ಹಿಡಿದಿರುತ್ತದೆ, ಬಲಗೈಯೊಂದೇ ಗನ್ ಹಿಡಿಯಬೇಕು. ಕೈ ಗನ್ನಿನ ಹಿಡಿಯನ್ನು ಬಲವಾಗಿ ಒತ್ತುವ ಹೊತ್ತಿಗೆ ಅದರ ಮೂತಿ ಒಂದೆರಡು ಮಿಲಿಮೀಟರ್ ಸರಿಯುತ್ತದೆ, ಒಳಗಿನ ಸ್ಪ್ರಿಂಗ್ ಬಿಟ್ಟಾಗ ಗನ್ ಮೇಲಕ್ಕೆ ಹಾರುತ್ತದೆ. ಆ ಕ್ಷಣದಲ್ಲಿ ಎಡಗೈ ಅರಿವಿಲ್ಲದೆ ಸಡಿಲವಾಗುತ್ತದೆ. ಪಿನ್ ಅರ್ಧ ಮೇಲೆ ನಿಲ್ಲುವುದು, ಬಟ್ಟೆಯ ಗೆರೆ ಅಂಕುಡೊಂಕಾಗುವುದು ಇದರಿಂದಲೇ. ಬ್ಯಾಟರಿ ಗನ್ನಿನ ಟ್ರಿಗರ್‌ಗೆ ಒಂದು ಬೆರಳು ಸಾಕು, ಮೂತಿ ಇಟ್ಟಲ್ಲೇ ಇರುತ್ತದೆ. ಗೆರೆ ಅಥವಾ ಚೌಕುಳಿ ಬಟ್ಟೆ ಹಾಕುವವರಿಗೆ ಈ ವ್ಯತ್ಯಾಸ ಮೊದಲ ಕುರ್ಚಿಯಲ್ಲೇ ಗೊತ್ತಾಗುತ್ತದೆ.

ಈಗ ಮರದ ಮಾತು. ಪ್ಲೈವುಡ್, ಸಿಲ್ವರ್ ಓಕ್, ಪೈನ್ ಇಂಥವಕ್ಕೆ 3.6 ವೋಲ್ಟಿನ ಸಣ್ಣ ಗನ್ನೂ ಪಿನ್ ಇಳಿಸುತ್ತದೆ. ಹಳೆಯ ತೇಗ, ಹೊನ್ನೆ, ಮತ್ತಿ ಮರದ ಚೌಕಟ್ಟಿಗೆ ಅದು ಸಾಲದು. ಸಣ್ಣ ಗನ್ನಿನಲ್ಲಿ ಮೋಟಾರು ಒಂದು ಸ್ಪ್ರಿಂಗನ್ನು ಹಿಂದಕ್ಕೆಳೆದು ಬಿಡುತ್ತದೆ ಅಷ್ಟೇ. ಹೊಡೆತದ ಬಲ ಆ ಸ್ಪ್ರಿಂಗಿನಷ್ಟೇ, ಬ್ಯಾಟರಿ ಹೊಸದಾದರೂ ಹೆಚ್ಚುವುದಿಲ್ಲ. ಪ್ರತಿ ಹೊಡೆತಕ್ಕೂ ಸ್ಪ್ರಿಂಗ್ ಎಳೆಯಲು ಸಮಯ ಬೇಕಾದ್ದರಿಂದ ಕೆಲವು ಮಾದರಿಗಳಲ್ಲಿ ನಿಮಿಷಕ್ಕೆ 30 ಹೊಡೆತಕ್ಕಿಂತ ಹೆಚ್ಚು ಆಗುವುದಿಲ್ಲ. ಗಟ್ಟಿ ಮರವೇ ನಿಮ್ಮ ಕೆಲಸವಾದರೆ 18 ವೋಲ್ಟಿನದನ್ನು ನೋಡಿ. ಅದರ ತೂಕ ಬ್ಯಾಟರಿ ಸೇರಿ ಸುಮಾರು 2 ಕಿಲೋ ಎಂಬುದನ್ನೂ ಮರೆಯಬೇಡಿ. ತಲೆಯ ಮೇಲೆ ಕೈಯೆತ್ತಿ ಹತ್ತು ನಿಮಿಷ ಹಿಡಿದು ನೋಡಿದರೆ ಅದರರ್ಥ ತಿಳಿಯುತ್ತದೆ.

ಅಂಗಡಿಗೆ ಹೋಗುವಾಗ ನೀವು ಕೆಲಸ ಮಾಡುವ ಮರದ ತುಂಡು, ಹೊದಿಸುವ ಬಟ್ಟೆಯ ಚೂರು ಎರಡನ್ನೂ ಒಯ್ಯಿರಿ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಮರದ ಮೇಲಿಟ್ಟು ಒಂದೇ ಸಾಲಿನಲ್ಲಿ 20 ಪಿನ್ ಹೊಡೆದು ನೋಡಿ. ಸಾಲಿನ ಮೇಲೆ ಉಗುರು ಎಳೆದಾಗ ತಡೆಯಬಾರದು. ಪಿನ್ನಿನ ಬೆನ್ನಿನಡಿಗೆ ಉಗುರು ತೂರಿದರೆ ಹೊಡೆತ ಸಾಲದು, ಬೆನ್ನು ಬಟ್ಟೆಯನ್ನು ಕತ್ತರಿಸಿ ಒಳಗಿಳಿದರೆ ಹೊಡೆತ ಹೆಚ್ಚು. ಹೊಡೆತದ ಆಳ ತಿರುಗಿಸಿ ಹೊಂದಿಸುವ ಗಾಲಿ ಇಲ್ಲದ ಗನ್ ರೆಕ್ಸಿನ್ ಕೆಲಸಕ್ಕೆ ಬೇಡ. ರೆಕ್ಸಿನ್ ಒಮ್ಮೆ ಕತ್ತರಿಸಿದರೆ ಆ ಗೆರೆಯಲ್ಲೇ ಹರಿಯುತ್ತಾ ಹೋಗುತ್ತದೆ. ಆಮೇಲೆ ಎರಡು ಪಿನ್ ಕಿತ್ತು ಕಾಲುಗಳನ್ನು ನೋಡಿ. ನೆಟ್ಟಗಿದ್ದರೆ ಸರಿ. ಮಡಚಿಕೊಂಡಿದ್ದರೆ ಆ ಮರಕ್ಕೆ ಪಿನ್ನಿನ ಕಾಲು ಉದ್ದವಾಯಿತು, ಇಲ್ಲವೇ ತಂತಿ ತೆಳುವಾಯಿತು.

ಕಾಲಿನ ಉದ್ದಕ್ಕೆ ಲೆಕ್ಕ ಸುಲಭ: ಬಟ್ಟೆಯ ದಪ್ಪದ ಜೊತೆಗೆ ಮರದೊಳಗೆ ಕನಿಷ್ಠ 6 ಮಿ.ಮೀ. ಎರಡು ಮಡಿಕೆ ಬಟ್ಟೆ 2 ಮಿ.ಮೀ. ಆದರೆ 8 ಮಿ.ಮೀ. ಪಿನ್. ಮೂಲೆಯಲ್ಲಿ ನೆರಿಗೆ ಸೇರಿ 4 ಮಿ.ಮೀ. ಆದರೆ 10. ಮೆತ್ತನೆ ಮರಕ್ಕೆ ಇನ್ನೂ 2 ಮಿ.ಮೀ. ಹೆಚ್ಚಿದ್ದರೆ ಒಳ್ಳೆಯದು, ಗಟ್ಟಿ ಮರಕ್ಕೆ ಹೆಚ್ಚಿಸಬೇಡಿ. 12 ಮಿ.ಮೀ. ಪ್ಲೈವುಡ್ ಸೀಟಿಗೆ 14ರ ಪಿನ್ ಹೊಡೆದರೆ ತುದಿ ಆಚೆ ಬಂದು ಫೋಮಿಗೆ ಚುಚ್ಚಬಹುದು.

ಬಹಳ ಜನ ಎಡವುವುದು ಪಿನ್ನಿನ ವಿಷಯದಲ್ಲಿ. ಗನ್ ಮನೆಗೆ ಬರುತ್ತದೆ, ಜೊತೆಗೆ ಬಂದ ಪಿನ್ ಮುಗಿಯುತ್ತದೆ, ಅದೇ ಪಿನ್ ಊರಲ್ಲಿ ಸಿಗುವುದಿಲ್ಲ. ಕುಶನ್ ಸಾಮಾನಿನ ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ಏರ್ ಗನ್ನಿನ 80 ಸೀರೀಸ್ ಮತ್ತು 10ಜೆ ಪಿನ್. ಸಣ್ಣ ಬ್ಯಾಟರಿ ಗನ್ನುಗಳು ಕೇಳುವುದು ಬೇರೆಯೇ: ಕೆಲವಕ್ಕೆ ಟೈಪ್ 53, ಕೆಲವಕ್ಕೆ ಟಿ50. ಟೈಪ್ 53 ಪಿನ್ನಿನ ಬೆನ್ನಿನ ಅಗಲ 11.4 ಮಿ.ಮೀ., 10ಜೆ ಪಿನ್ನಿನದು 11.2. ಅಂಗೈಯಲ್ಲಿ ಎರಡನ್ನೂ ಇಟ್ಟು ನೋಡಿದರೆ ಒಂದೇ ಅನ್ನಿಸುತ್ತದೆ, ಮ್ಯಾಗಜೀನಿನಲ್ಲಿ ಕೂತುಬಿಡಲೂಬಹುದು. ಆದರೆ ತಂತಿಯ ದಪ್ಪ ಬೇರೆಯಾದ್ದರಿಂದ ಎರಡು ಪಿನ್ ಒಟ್ಟಿಗೆ ಮೂತಿಗೆ ನುಗ್ಗಿ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಗನ್ ಆರಿಸುವ ಮುಂಚೆ ಪಿನ್ ಅಂಗಡಿಗೆ ಹೋಗಿ. ಬೆಂಗಳೂರಿನವರಾದರೆ ಕಾರ್ ಸೀಟಿನ ಕೆಲಸಕ್ಕೆ ಹೆಸರಾದ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಬೇರೆ ಊರಿನವರು ಕುಶನ್ ವರ್ಕ್ಸ್ ಅಂಗಡಿಯವರನ್ನು ಎಲ್ಲಿಂದ ತರಿಸುತ್ತೀರಿ ಎಂದು ಕೇಳಿ. ಯಾವ ಸೈಜು ಯಾವಾಗಲೂ ಸಿಗುತ್ತದೋ ಅದನ್ನು ನುಂಗುವ ಗನ್ ಕೊಳ್ಳಿ.

ಗನ್ನಿನ ಮೂತಿಯನ್ನೂ ಅಳೆಯಿರಿ. ಮುಂದಿನ ಅಂಚಿನಿಂದ ಪಿನ್ ಹೊರಬೀಳುವ ಸೀಳಿನವರೆಗೆ ಎಷ್ಟು ದೂರ? ಅಲ್ಲಿ 8 ಮಿ.ಮೀ. ಇದ್ದರೆ ಯಾವ ಒಳಮೂಲೆಗೂ 8 ಮಿ.ಮೀ.ಗಿಂತ ಹತ್ತಿರ ಪಿನ್ ಕೂರುವುದಿಲ್ಲ. ಕಿಟಕಿ ಚೌಕಟ್ಟಿನ ಕಿರಿದಾದ ತೋಡಿನಲ್ಲಿ, ಕುರ್ಚಿ ಬೆನ್ನಿನ ಒಳಅಂಚಿನಲ್ಲಿ ಇದೇ ದೊಡ್ಡ ತೊಡಕು.

ಬ್ಯಾಟರಿ ಎರಡು ಥರ. ಸಣ್ಣ ಗನ್ನುಗಳಲ್ಲಿ ಅದು ಒಳಗೇ ಕೂತಿರುತ್ತದೆ. ವರ್ಷಗಟ್ಟಲೆ ಬೀರುವಿನಲ್ಲಿ ಖಾಲಿಯಾಗಿ ಬಿದ್ದಿದ್ದರೆ ಲಿಥಿಯಂ ಸೆಲ್ ಸಾಯುತ್ತದೆ, ಬೆಸುಗೆ ಬಿಚ್ಚಿ ಹೊಸದು ಹಾಕಿಸದೆ ಗನ್ ಏಳುವುದಿಲ್ಲ. ಅರ್ಧ ಚಾರ್ಜಿನಲ್ಲಿಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು. 18 ವೋಲ್ಟಿನವುಗಳಲ್ಲಿ ಬ್ಯಾಟರಿ ಬೇರೆ. ಅದೇ ಕಂಪನಿಯ ಡ್ರಿಲ್ ನಿಮ್ಮಲ್ಲಿದ್ದರೆ ಬರೀ ಗನ್ ಕೊಂಡರೆ ಸಾಕು, ಖರ್ಚು ಬಹಳ ಇಳಿಯುತ್ತದೆ. ಡ್ರಿಲ್ ಇಲ್ಲದವರು ಆನ್‌ಲೈನಿನಲ್ಲಿ ಕಡಿಮೆ ಬೆಲೆ ನೋಡಿ ಒತ್ತಿಬಿಟ್ಟರೆ ಬ್ಯಾಟರಿಯೂ ಚಾರ್ಜರೂ ಇಲ್ಲದ ಡಬ್ಬ ಬರುತ್ತದೆ. ಡಬ್ಬದಲ್ಲಿ ಏನೇನಿದೆ ಎಂಬ ಸಾಲನ್ನು ಓದಿಯೇ ದುಡ್ಡು ಕಟ್ಟಿ.

ಕೊಂಡ ಮೇಲೆ ಗನ್ನನ್ನು ದೂರುವ ಮುಂಚೆ ಹೊಡೆಯುವ ರೀತಿ ಸರಿಯಿರಲಿ. ಮೊದಲು ನಾಲ್ಕೂ ಬದಿಯ ನಡುವಿಗೆ ಒಂದೊಂದು ಪಿನ್, ಎದುರುಬದುರಾಗಿ ಎಳೆದು. ಆಮೇಲೆ ನಡುವಿನಿಂದ ಮೂಲೆಯ ಕಡೆಗೆ, ಮೂಲೆಗೆ ಎರಡು ಇಂಚು ಇರುವಾಗ ನಿಲ್ಲಿಸಿ, ನೆರಿಗೆ ಕೊನೆಗೆ. ಗಟ್ಟಿ ಮರದಲ್ಲಿ ಪಿನ್ನಿನ ಎರಡೂ ಕಾಲು ಒಂದೇ ಎಳೆಯ ಮೇಲೆ ಬಿದ್ದರೆ ಮರ ಸೀಳುತ್ತದೆ, ಗನ್ನನ್ನು ಎಳೆಗೆ ಓರೆಯಾಗಿ ಹಿಡಿಯಿರಿ. ಪ್ಲೈವುಡ್ಡಿನ ದಪ್ಪಂಚಿಗೆ ಹೊಡೆಯಬೇಡಿ, ಪದರ ಬಿಚ್ಚಿಕೊಳ್ಳುತ್ತದೆ. ಕರೆಂಟ್ ವಯರ್ ಹಿಡಿಸಲು ಈ ಗನ್ ಯಾವತ್ತೂ ಬೇಡ. ಮಂಗಳೂರು, ಉಡುಪಿ, ಕಾರವಾರದಂಥ ಕಡಲ ಗಾಳಿಯ ಊರುಗಳಲ್ಲಿ ಜಾಲರಿಗೂ ವರಾಂಡದ ಕುರ್ಚಿಗೂ ಸ್ಟೇನ್‌ಲೆಸ್ ಸ್ಟೀಲ್ ಪಿನ್ ಹಾಕಿ. ಸಾದಾ ಪಿನ್ ತುಕ್ಕು ಹಿಡಿದು ತಿಳಿಬಣ್ಣದ ಬಟ್ಟೆಗೆ ಕಂದು ಕಲೆ ಇಳಿಸುತ್ತದೆ.

ಚೆನ್ನಾಗಿ ಹೊಡೆಯುತ್ತಿದ್ದ ಗನ್ ಇದ್ದಕ್ಕಿದ್ದಂತೆ ಪಿನ್ ಮೇಲೆ ನಿಲ್ಲಿಸತೊಡಗಿದರೆ ಮೊದಲು ಚಾರ್ಜ್ ನೋಡಿ, ಆಮೇಲೆ ಮೂತಿಯ ಸೀಳಿನಲ್ಲಿ ಅಂಟಿನ ಪುಡಿ ಕೂತಿದೆಯೇ ನೋಡಿ. ಪಿನ್ ಸಿಕ್ಕಿಕೊಂಡರೆ ಮೊದಲು ಬ್ಯಾಟರಿ ತೆಗೆಯಿರಿ. ಒಳಗೇ ಬ್ಯಾಟರಿ ಇರುವುದಾದರೆ ಸ್ವಿಚ್ ಆಫ್ ಮಾಡಿ ಟ್ರಿಗರ್ ಬೀಗ ಹಾಕಿ, ಮೂತಿಯನ್ನು ಮೈಯಿಂದ ಆಚೆ ತಿರುಗಿಸಿ. ಮ್ಯಾಗಜೀನ್ ಹೊರಗೆಳೆದು ಉಳಿದ ಪಿನ್ ತೆಗೆದು, ಸಿಕ್ಕಿದ್ದನ್ನು ಚೂಪು ಮೂತಿಯ ಇಕ್ಕಳದಿಂದ ಅದು ಬಂದ ದಾರಿಯಲ್ಲೇ ಎಳೆಯಿರಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಪಿನ್ನನ್ನು ತಳ್ಳುವ ಪಟ್ಟಿಯ ತುದಿ ಜಜ್ಜಿ, ಮುಂದೆ ಪ್ರತಿ ಸಾಲಿನಲ್ಲೂ ಸಿಕ್ಕಿಕೊಳ್ಳುತ್ತದೆ. ಹೊಸ ಸಾಲು ಹಾಕುವಾಗ ಮುರಿದ ಎರಡು ಮೂರು ಪಿನ್ನಿನ ತುಣುಕುಗಳನ್ನು ಮುಂದಕ್ಕೆ ಸೇರಿಸದೆ ಬಿಸಾಡಿ.