ಮಗಳು ಫುಟ್‌ಬಾಲ್‌ನಲ್ಲೇ ಬದುಕ್ತೀನಿ ಅಂದರೆ

ಬೆಂಗಳೂರಲ್ಲಿ ಹುಡುಗಿಯರಿಗೆ ಕೋಚಿಂಗ್ ಕೊಡ್ತೀನಿ. ಅಪ್ಪ ಅಮ್ಮಂದಿರು ಮೊದಲು ಕೇಳೋದು ಬೂಟು ಯಾವುದು ಅಂತ. ಬೂಟು ಆಮೇಲೆ. ಮೊದಲು ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಲಿ. ವಯೋಮಿತಿ ತಂಡಗಳಲ್ಲಿ ಎಡವುವುದು ಇಲ್ಲೇ.

ನಂತರ ರಾಜ್ಯ ಮಹಿಳಾ ಲೀಗ್ ಆಡುವ ಕ್ಲಬ್ ಸೇರಿಸಿ. ಮೇಲಿನ ಮೆಟ್ಟಿಲು 2017ರಲ್ಲಿ ಶುರುವಾದ ಇಂಡಿಯನ್ ವಿಮೆನ್ಸ್ ಲೀಗ್. ನಮ್ಮ ಬೆಂಗಳೂರಿನ ಕ್ಲಬ್ ಕಿಕ್‌ಸ್ಟಾರ್ಟ್ 2023ರಲ್ಲಿ ಅದರ ಫೈನಲ್ ಆಡಿದೆ.

ಮಂಡಿ ವಿಷಯದಲ್ಲಿ ನಾನು ಹಠಮಾರಿ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿಯುವ ಅಪಾಯ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು. ಗಾಯ ತಡೆಯೋಕೆ ಇರುವ ‘ಫಿಫಾ 11+’ ಅನ್ನೋ ವಾರ್ಮ್‌ಅಪ್ ವ್ಯಾಯಾಮಗಳಿಗೆ ಇಪ್ಪತ್ತು ನಿಮಿಷ ಸಾಕು, ದುಡ್ಡು ಬೇಕಿಲ್ಲ. ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ಬಾಗುತ್ತಿದ್ದರೆ ಅವತ್ತೇ ತಿದ್ದಿ. ಮುಟ್ಟು ತಿಂಗಳುಗಟ್ಟಲೆ ನಿಂತರೆ ಖುಷಿಪಡಬೇಡಿ, ಊಟ ಸಾಲದಿರಬಹುದು, ವೈದ್ಯರನ್ನು ನೋಡಿ. (ರಾಗಿ ಮುದ್ದೆ ಬಿಡಿಸಿ ಬರೀ ಪ್ರೋಟೀನ್ ಪುಡಿ ಕುಡಿಸುವವರ ಜೊತೆ ನನಗೆ ಜಗಳ ಇದ್ದೇ ಇದೆ.)

ಒಪ್ಪಂದ ಬಂದಾಗ ಸಹಿಗೆ ಅವಸರ ಬೇಡ. ಸಂಬಳ ಎಷ್ಟು ತಿಂಗಳು ಸಿಗುತ್ತದೆ? ಗಾಯವಾದರೆ ಆಪರೇಷನ್, ಫಿಸಿಯೋ ಖರ್ಚು ಯಾರದು? ಸೀಸನ್ ಮುಗಿದ ಮೇಲೆ ಹಾಸ್ಟೆಲ್ ಇರುತ್ತದಾ? ಬಾಯಿಮಾತು ಒಪ್ಪಬೇಡಿ. ಫಿಫಾ ನಿಯಮದಲ್ಲಿ ವೃತ್ತಿಪರ ಆಟಗಾರ್ತಿಗೆ ಕನಿಷ್ಠ 14 ವಾರ ಸಂಬಳಸಹಿತ ಹೆರಿಗೆ ರಜೆ ಇದೆ, ತಿಳಿದಿರಲಿ.

ಭಾರತ ತಂಡದ ಆಟಗಾರ್ತಿಯರಾದ ಬಾಲಾ ದೇವಿ 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್‌ಗೆ, ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್‌ನ ಅಪೊಲೊನ್‌ಗೆ ಹೋದರು. ವಿದೇಶಿ ಕ್ಲಬ್ ಕೇಳೋದು ಪೂರ್ತಿ ಪಂದ್ಯದ ವಿಡಿಯೊ. ಗೋಲುಗಳ ತುಣುಕಷ್ಟೇ ಸಾಲದು. ಪ್ರತಿ ಪಂದ್ಯವನ್ನೂ ಎತ್ತರದಿಂದ ಚಿತ್ರೀಕರಿಸಿ ಇಟ್ಟುಕೊಳ್ಳಿ. ಡಿಗ್ರಿ ಬಿಡಿಸಬೇಡಿ, ದೂರಶಿಕ್ಷಣವಾದರೂ ಸರಿ.