ಬೇಟೆಯ ವರ್ಷಪಟ್ಟಿ: ಟೆಕ್ಸಸ್ ಮತ್ತು ವಯೋಮಿಂಗ್

ಅಮೆರಿಕದ ಟೆಕ್ಸಸ್ ರಾಜ್ಯದ ನಿವಾಸಿಯಾದ ನಾನು ಸತತ ಎರಡು ವರ್ಷ ವಯೋಮಿಂಗ್ ರಾಜ್ಯದ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯನ್ನು ತಪ್ಪಿಸಿಕೊಂಡೆ. ಅಕ್ಟೋಬರ್ ಬೇಟೆಗೆಂದು ಬೇಸಿಗೆಯಲ್ಲಿ ಅರ್ಜಿ ಹಾಕಲು ಹೋದಾಗ, ಹೊರರಾಜ್ಯದವರಿಗೆ ಪರವಾನಗಿ ಹಂಚುವ ಲಾಟರಿಯ ಅರ್ಜಿಯ ಗಡುವು ಫೆಬ್ರವರಿ ಆರಂಭದಲ್ಲೇ ಮುಗಿದಿರುತ್ತಿತ್ತು.

ಬೇಟೆಯ ಋತು (ಬೇಟೆಗೆ ಅನುಮತಿಯಿರುವ ಅವಧಿ) ತೆರೆಯುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟದ್ದು ಉಪಯೋಗಕ್ಕೆ ಬರಲಿಲ್ಲ. ಹಿಂದಿನ ವರ್ಷದ ದಿನಾಂಕಗಳನ್ನು ನಕಲು ಮಾಡಿದ್ದೂ ವ್ಯರ್ಥವಾಯಿತು. ಟೆಕ್ಸಸ್‌ನಲ್ಲಿ ಜಿಂಕೆಯ ಸಾಮಾನ್ಯ ಋತು ನವೆಂಬರ್‌ನ ಮೊದಲ ಶನಿವಾರ ಆರಂಭವಾಗುವುದರಿಂದ ದಿನಾಂಕ ಪ್ರತಿವರ್ಷ ಸರಿಯುತ್ತದೆ.

ಸಮಸ್ಯೆ ಬಗೆಹರಿದದ್ದು ಪಟ್ಟಿಯನ್ನು ಋತುವಿನ ಬದಲು ಗಡುವಿನ ಕ್ರಮದಲ್ಲಿ ಜೋಡಿಸಿದಾಗ. ಸ್ಪ್ರೆಡ್‌ಶೀಟಿನಲ್ಲಿ ಮೊದಲ ಕಾಲಂ ಅರ್ಜಿಯ ಗಡುವು, ಎರಡನೆಯದು ಲಾಟರಿ ಫಲಿತಾಂಶ, ಮೂರನೆಯದು ಪರವಾನಗಿಯ ಅವಧಿ, ಕೊನೆಯದು ಋತುವಿನ ಮೊದಲ ದಿನ. ವಿಂಗಡಣೆ ಮೊದಲ ಕಾಲಂ ಪ್ರಕಾರ, ಜ್ಞಾಪನೆ 45 ದಿನ ಹಾಗೂ 7 ದಿನ ಮುಂಚಿತವಾಗಿ. ವರ್ಷವನ್ನು ಜನವರಿಯಿಂದಲ್ಲ, ಸೆಪ್ಟೆಂಬರ್ 1ರಿಂದ ಎಣಿಸಬೇಕು, ಏಕೆಂದರೆ ಟೆಕ್ಸಸ್‌ನ ಸಾಮಾನ್ಯ ವಾರ್ಷಿಕ ಪರವಾನಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ ಮತ್ತು ಮರುದಿನವೇ ಉತ್ತರ ಹಾಗೂ ಕೇಂದ್ರ ವಲಯಗಳಲ್ಲಿ ಬೆಳವ ಹಕ್ಕಿಯ ಋತು ತೆರೆಯುತ್ತದೆ. ಬಾತುಕೋಳಿ ಬೇಟೆಗೆ 16 ವರ್ಷ ತುಂಬಿದವರಿಗೆ ಬೇಕಾದ ಫೆಡರಲ್ (ಕೇಂದ್ರ ಸರ್ಕಾರದ) ಡಕ್ ಸ್ಟ್ಯಾಂಪ್ ಎಂಬ ಅನುಮತಿ ಚೀಟಿಯ ಲೆಕ್ಕವೇ ಬೇರೆ: ಜುಲೈ 1ರಿಂದ ಜೂನ್ 30. ಅದಕ್ಕೆ ಪ್ರತ್ಯೇಕ ಸಾಲು ಇಡಬೇಕು.

ಎಚ್-1ಬಿ ವೀಸಾದಲ್ಲಿರುವ ನಮ್ಮವರು ಮೂರನೆಯ ಕಾಲಂ ಅನ್ನು ಕೆಂಪು ಬಣ್ಣದಲ್ಲಿಡುವುದು ಒಳಿತು. ಅಂಥವರು ಬಂದೂಕು ಹೊಂದಲು ಫೆಡರಲ್ ಕಾನೂನು ನೀಡುವ ವಿನಾಯಿತಿ ಸಾಮಾನ್ಯವಾಗಿ ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯನ್ನೇ ಆಧರಿಸಿರುತ್ತದೆ. ವಯೋಮಿಂಗ್‌ನ ಘೋಷಿತ ವನ್ಯಪ್ರದೇಶಗಳಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೊರರಾಜ್ಯದವರಿಗೆ ಮಾರ್ಗದರ್ಶಕ ಕಡ್ಡಾಯ. ಆದ್ದರಿಂದ ಅರ್ಜಿಗೆ ಮೊದಲೇ ನಕ್ಷೆ ನೋಡಿ ಪ್ರದೇಶವನ್ನು ಆರಿಸಬೇಕು.